ವರಹದ ಮೇಲಿನ ಮಚ್ಚೆಗೆ ಬೆಲೆ ಎಷ್ಟು?

ನಮ್ಮ ಕಡೆಯ ಊರು ಬುಕ್ಕಾಂಬುಧಿ. ಬೆಂಗಳೂರಿನ ಆಫೀಸಿನಲ್ಲಿ ಈ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ "ಅದೆಲ್ಲಿ ಬರುತ್ತೆ?" ಅಂತಾರೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಅಜ್ಜಂಪುರವೇ ತಾಲ್ಲೂಕಾಗಿದೆ. ಹುಬ್ಬಳ್ಳಿ ಕಡೆ ರೈಲಿನಲ್ಲಿ ಹೋಗುವವರು ಬೀರೂರು ದಾಟಿದ ಮೇಲೆ ಅಜ್ಜಂಪುರ ಸ್ಟೇಷನ್ ನೋಡಿರುತ್ತೀರಿ. ಅಮೃತಮಹಲ್ ರಾಸುಗಳ ತಳಿ ಕೇಂದ್ರ ಇರುವ ಊರು ಅಂದರೆ ಕೆಲವರಿಗಾದರೂ ಗೊತ್ತಾಗುತ್ತದೆ. ಬುಕ್ಕಾಂಬುಧಿ ಅದೇ ಸೀಮೆಯದು.

ಹೆಸರನ್ನು ಒಡೆದು ನೋಡಿ: ಬುಕ್ಕ + ಅಂಬುಧಿ. ಅಂಬುಧಿ ಎಂದರೆ ಸಮುದ್ರ. ದೊಡ್ಡ ಕೆರೆಗೆ ಸಾಗರ, ಸಮುದ್ರ, ಅಂಬುಧಿ ಎಂದು ಹೆಸರಿಡುವುದು ನಮ್ಮವರ ಹಳೆಯ ರೂಢಿ. ಬುಕ್ಕ ಅಂದ ಕೂಡಲೇ ನಮಗೆಲ್ಲ ನೆನಪಾಗುವವನು ವಿಜಯನಗರದ ಬುಕ್ಕರಾಯ. ಅವನು ಆಳಿದ್ದು 1356ರಿಂದ 1377ರ ವರೆಗೆ. ಅವನ ಹೆಸರಿನ ಜೊತೆಗೆ ನನಗೆ ಅವನ ಚಿನ್ನದ ನಾಣ್ಯಗಳೂ ನೆನಪಾಗುತ್ತವೆ. ಹಳೆ ನಾಣ್ಯಗಳ ಬಗ್ಗೆ ಓದುವ ಹುಚ್ಚು ಹತ್ತಿ ಕೆಲವು ವರ್ಷಗಳಾದವು. ಅದರಲ್ಲಿ ಸಣ್ಣದೊಂದು ಪ್ರಶ್ನೆ ಬಹಳ ದಿನದಿಂದ ತಲೆ ತಿನ್ನುತ್ತಿತ್ತು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ ಅಂತ ಹೈಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೇವೆ. ಹಾಗಿದ್ದ ಮೇಲೆ ಚಿನ್ನದ ನಾಣ್ಯದ ಮೇಲೆ ಕೆಂಪು, ಕಪ್ಪು ಮಚ್ಚೆ ಹೇಗೆ ಬೀಳುತ್ತವೆ? ಬಿದ್ದರೆ ಬೆಲೆ ಕಮ್ಮಿಯಾಗಬೇಕೆ? ಎಷ್ಟು ಕಮ್ಮಿ ಅಂತ ಹೇಳುವವರು ಯಾರು?

ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ ಅಂತ ನನಗೆ ಹೊಳೆದದ್ದು ಸ್ವಲ್ಪ ಇತಿಹಾಸ ಓದಿದ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ :-)

ಹಣ ಅಂದರೆ ಹಣವೇ

ನಾವು ದಿನಕ್ಕೆ ಹತ್ತು ಸಲ ಬಳಸುವ "ಹಣ" ಎಂಬ ಮಾತು ಮೂಲದಲ್ಲಿ ಒಂದು ಪುಟಾಣಿ ಚಿನ್ನದ ನಾಣ್ಯದ ಹೆಸರು. ಹೊಯ್ಸಳರ ಕಾಲದ ಶಾಸನಗಳಲ್ಲಿ ದೊಡ್ಡ ನಾಣ್ಯ ಗದ್ಯಾಣ, ಸಣ್ಣದು ಪಣ ಅಥವಾ ಹಣ. ಹಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ವಿಷ್ಣುವರ್ಧನನ ಗದ್ಯಾಣಗಳ ಮೇಲೆ "ಶ್ರೀ ತಲಕಾಡುಗೊಂಡ", "ಶ್ರೀ ನೊಣಂಬವಾಡಿಗೊಂಡ" ಎಂದು ಕನ್ನಡ ಅಕ್ಷರಗಳಲ್ಲೇ ಬರೆದಿದೆ. ಲಕ್ಕುಂಡಿಯ ಹೆಸರಿನಲ್ಲಿ ಲೊಕ್ಕಿ ಗದ್ಯಾಣ ಎಂಬ ನಾಣ್ಯವೇ ಇತ್ತು. ನಾಣ್ಯ ಟಂಕಿಸುವ ಜಾಗಕ್ಕೆ ಕನ್ನಡದಲ್ಲಿ ಕಮ್ಮಟ ಎಂಬ ಚೆಂದದ ಪದ ಇದೆ. ಈಗ ಪುಸ್ತಕದ ಹೆಸರು, ಶಿಬಿರದ ಹೆಸರುಗಳಿಗೆ ಮಾತ್ರ ಉಳಿದುಕೊಂಡಿದೆ.

ವಿಜಯನಗರದ ಕಾಲಕ್ಕೆ ಗದ್ಯಾಣದ ಜಾಗದಲ್ಲಿ ವರಹ ಬಂತು. ತೂಕ ಸುಮಾರು 3.4 ಗ್ರಾಂ. ಹರಿಹರ, ಬುಕ್ಕರ ನಾಣ್ಯಗಳ ಮೇಲೆ ಹನುಮ, ಗರುಡ. ಮುಂದಿನವರ ಕಾಲಕ್ಕೆ ಉಮಾಮಹೇಶ್ವರ, ಕೃಷ್ಣದೇವರಾಯನಿಗೆ ಬಾಲಕೃಷ್ಣ, ಅಚ್ಯುತರಾಯನಿಗೆ ಗಂಡಭೇರುಂಡ. ಪರ್ಷಿಯಾದಿಂದ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಈ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗ ಹಣ, ಆಮೇಲೆ ಬೆಳ್ಳಿಯ ತಾರ, ತಾಮ್ರದ ಜೀತಲ. ಈ ಚಿನ್ನದ ನಾಣ್ಯಗಳಲ್ಲಿ ಬೇರೆ ಲೋಹದ ಬೆರಕೆ ಇದೆ ಎಂಬುದನ್ನೂ ಆತ ಹೇಳುತ್ತಾನೆ.

ಈ ಬೆರಕೆಯನ್ನು ನೆನಪಿಟ್ಟುಕೊಳ್ಳಿ. ಮಚ್ಚೆಯ ಕಥೆ ಶುರುವಾಗುವುದೇ ಅಲ್ಲಿಂದ.

ಚಿನ್ನಕ್ಕೆ ಮಚ್ಚೆ ಹೇಗೆ ಬೀಳುತ್ತದೆ

ಅಪ್ಪಟ ಚಿನ್ನ ಗಾಳಿ, ನೀರು, ಗಂಧಕ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಅಪ್ಪಟ ಚಿನ್ನ ಬಹಳ ಮೆದು, ಕೈಯಿಂದ ಕೈಗೆ ಓಡಾಡಿದರೆ ಬೇಗ ಸವೆಯುತ್ತದೆ. ಹಾಗಾಗಿ ಬೆಳ್ಳಿ, ತಾಮ್ರ ಸೇರಿಸುತ್ತಾರೆ. ಮಚ್ಚೆ ಬೀಳುವುದು ಚಿನ್ನಕ್ಕಲ್ಲ, ಜೊತೆಗಿರುವ ಈ ನೆಂಟರಿಗೆ.

ತಾಮ್ರ ಎಲ್ಲ ಕಡೆ ಸಮನಾಗಿ ಬೆರೆಯದೆ ಒಂದು ಕಡೆ ಗುಂಪಾಗಿ ಉಳಿದಿದ್ದರೆ ಅಲ್ಲಿ ಕೆಂಪು ಅಥವಾ ಕಂದು ಚುಕ್ಕೆ ಮೂಡುತ್ತದೆ. ಬೆಳ್ಳಿ ಇದ್ದರೆ ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಮನೆಯ ಬೆಳ್ಳಿ ದೀಪ ಕಪ್ಪಾಗುತ್ತದಲ್ಲ, ಅದೇ. ಪದರ ತೆಳುವಾಗಿದ್ದರೆ ಹಳದಿ, ಕಿತ್ತಳೆ, ಕೆಂಪು, ದಪ್ಪವಾದರೆ ಕಪ್ಪು. ಆಸ್ಟ್ರಿಯಾದ ಡುಕಾಟ್ ಎಂಬ ನಾಣ್ಯದಲ್ಲಿ 98.6 ಭಾಗ ಚಿನ್ನವಿರುತ್ತದೆ. ಅದರ ಮೇಲೂ ಕೆಂಪು ಕಲೆ ಕಂಡಿತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಕಲೆಗಳನ್ನು ಪರೀಕ್ಷಿಸಿ, ಅಲ್ಲಿರುವುದು ಬೆಳ್ಳಿ ಮತ್ತು ಗಂಧಕದ ಸಂಯುಕ್ತ ಎಂದು ತೋರಿಸಿತು. ಅಂದರೆ ಎಷ್ಟೇ ಶುದ್ಧ ಚಿನ್ನವಾದರೂ ಅಚ್ಚಿನಿಂದಲೋ ಯಂತ್ರದಿಂದಲೋ ಬೆಳ್ಳಿಯ ಒಂದು ಕಣ ಅಂಟಿದರೆ ಸಾಕು, ಮಚ್ಚೆ ಮೂಡಬಹುದು.

ಮಣ್ಣಿನಲ್ಲಿ ಹೂತಿದ್ದ ನಾಣ್ಯದ ಕಥೆ ಬೇರೆ. ಕೆಮ್ಮಣ್ಣಿನ ಕಬ್ಬಿಣದ ಅಂಶ ಕೆಂಪಾಗಿ ಕೂರುತ್ತದೆ, ಸುಣ್ಣದ ಅಂಶ ಬೆಳ್ಳಗೆ ಕೂರುತ್ತದೆ. ಇವು ನಾಣ್ಯದ ಗುಣವಲ್ಲ, ಮೇಲಿನ ಕೊಳೆ ಅಷ್ಟೆ. ಇನ್ನೊಂದಿದೆ: ಪಾದರಸ. ಅದು ತಾಗಿದರೆ ಚಿನ್ನ ಬೆಳ್ಳಗಾಗುತ್ತದೆ. ಇದು ಮಾತ್ರ ಮೇಲಿನ ಕೊಳೆಯಲ್ಲ, ಪಾದರಸ ಚಿನ್ನದ ಒಳಕ್ಕೇ ಹೋಗಿ ಕೂರುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ, ಏನ್ಮಾಡೋದು). ಒಂದು ಮಿಲಿಮೀಟರ್ ಅಗಲದ ದುಂಡು ಮಚ್ಚೆ, ಅದರ ದಪ್ಪ ಮೈಕ್ರಾನಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಬೆಳ್ಳಿ ಸಲ್ಫೈಡಿನ ಸಾಂದ್ರತೆ ನೀರಿನ ಏಳು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆ ಮಚ್ಚೆಯ ತೂಕ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೂ ಆಗುವುದಿಲ್ಲ. 3.4 ಗ್ರಾಮಿನ ವರಹದಲ್ಲಿ ಅದರ ಪಾಲು ಸುಮಾರು 60 ಲಕ್ಷಕ್ಕೆ ಒಂದು. ನಾಣ್ಯದ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ಅಂದುಕೊಂಡರೆ ಮಚ್ಚೆಯ ಪಾಲು ಎರಡು ಪೈಸೆಗೂ ಕಡಿಮೆ. ದಪ್ಪ ಹತ್ತು ಪಟ್ಟು ಇದ್ದರೂ ಇಪ್ಪತ್ತು ಪೈಸೆ ದಾಟುವುದಿಲ್ಲ.

ಹಾಗಿದ್ದರೆ ಮಚ್ಚೆ ನೋಡಿ ಬೆಲೆ ಮುರಿಯುವವನು ಮುರಿಯುತ್ತಿರುವುದು ಯಾವುದಕ್ಕೆ? ಕಳೆದುಹೋದ ಚಿನ್ನಕ್ಕಂತೂ ಅಲ್ಲ. ಅವನಿಗಿರುವ ಅನುಮಾನಕ್ಕೆ. "ಇದರೊಳಗೆ ಇನ್ನೇನಿದೆಯೋ" ಎಂಬ ಅನುಮಾನಕ್ಕೆ ಒಂದು ರೇಟು ಕಟ್ಟುತ್ತಾನೆ.

ಬಣ್ಣ ಎಂದರೆ ಗುಣ

ಈ ಅನುಮಾನ ಇವತ್ತಿನದಲ್ಲ. ನಮ್ಮಲ್ಲಿ ಚಿನ್ನದ ಶುದ್ಧತೆಯ ಅಳತೆಗೇ "ಬಣ್ಣ" ಎಂದು ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಪ್ಪಟ ಚಿನ್ನಕ್ಕೆ ಹದಿನಾರು ವರ್ಣದ ಚಿನ್ನ ಎನ್ನುತ್ತಾರೆ. ತಾಮ್ರ ಸೇರಿದಂತೆಲ್ಲ ಒಂದೊಂದೇ ವರ್ಣ ಇಳಿಯುತ್ತದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಇದೇ ಪದ್ಧತಿ "ಬಾನ್" ಎಂಬ ಹೆಸರಿನಲ್ಲಿ ಬರುತ್ತದೆ. ಗುಣ ಗೊತ್ತಿರುವ ಚಿನ್ನದ ಕಡ್ಡಿಗಳನ್ನು ಇಟ್ಟುಕೊಂಡು, ಪರೀಕ್ಷೆಗೆ ಬಂದ ಚಿನ್ನವನ್ನೂ ಕಡ್ಡಿಯನ್ನೂ ಒರೆಗಲ್ಲಿನ ಮೇಲೆ ಪಕ್ಕಪಕ್ಕ ಉಜ್ಜಿ, ಗೆರೆಯ ಬಣ್ಣ ಹೋಲಿಸುವುದು. ಒರೆಗೆ ಹಚ್ಚುವುದು ಅಂತ ಇವತ್ತೂ ಅನ್ನುತ್ತೇವಲ್ಲ, ಅದು ಇದೇ.

ಬಣ್ಣವೇ ಗುಣ ಎಂದಾದ ಮೇಲೆ ಬಣ್ಣ ಕೆಟ್ಟರೆ ಗುಣ ಕೆಟ್ಟಿತು ಅಂತ ಯಾರಿಗಾದರೂ ಅನ್ನಿಸುವುದು ಸಹಜ. ಮೋಸಗಾರರಿಗೂ ಇದು ಚೆನ್ನಾಗಿ ಗೊತ್ತಿತ್ತು. ಹಿಂಗುಲವನ್ನೋ ಕಾಸೀಸವನ್ನೋ ಗೋಮೂತ್ರದಲ್ಲಿ ನೆನೆಸಿ ಬೆರಳ ತುದಿಗೆ ಹಚ್ಚಿಕೊಂಡು ಮುಟ್ಟಿದರೆ ಚಿನ್ನ ಬಿಳಿಚಿಕೊಳ್ಳುತ್ತದೆ ಎಂದು ಅರ್ಥಶಾಸ್ತ್ರ ಎಚ್ಚರಿಸುತ್ತದೆ. ಹಿಂಗುಲದಲ್ಲಿರುವುದು ಪಾದರಸ, ನೆನಪಿರಲಿ. ಅಂದರೆ ಒಳ್ಳೆಯ ಚಿನ್ನವನ್ನು ಕಣ್ಣೆದುರೇ ಕೆಟ್ಟದ್ದರಂತೆ ಕಾಣಿಸುವ ಕೈಚಳಕ ಎರಡು ಸಾವಿರ ವರ್ಷದ ಹಿಂದೆಯೇ ಇತ್ತು!

ಉಲ್ಟಾ ಮೋಸವೂ ಇದೆ. ಬೆರಕೆ ಚಿನ್ನವನ್ನು ಉಪ್ಪು, ಹುಳಿಯಂಥ ಪದಾರ್ಥಗಳಲ್ಲಿ ಮತ್ತೆ ಮತ್ತೆ ಕಾಯಿಸಿ ತೊಳೆದರೆ ಮೇಲ್ಮೈಯಲ್ಲಿರುವ ತಾಮ್ರ, ಬೆಳ್ಳಿ ಕರಗಿಹೋಗಿ ತೆಳುವಾದ ಅಪ್ಪಟ ಚಿನ್ನದ ಪದರ ಉಳಿಯುತ್ತದೆ. ನೆಲದಲ್ಲಿ ನೂರಾರು ವರ್ಷ ಹೂತಿದ್ದರೂ ಹೀಗಾಗುತ್ತದೆ. ಆಗ ನಾಣ್ಯ ಇರುವುದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ. ಹಗುರವಾಗಿ ಒರೆ ಹಚ್ಚಿದರೆ ಸುಳ್ಳು ಬಣ್ಣವೇ ಸಿಗುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆ ಚಿನ್ನಕ್ಕೂ ಸಲ್ಲುತ್ತದೆ. ಮಚ್ಚೆ ಇರುವ ನಾಣ್ಯ ಒಳ್ಳೆಯದಿರಬಹುದು, ಥಳಥಳ ಎನ್ನುವ ನಾಣ್ಯ ಕಳಪೆ ಇರಬಹುದು. ಖಚಿತವಾಗಿ ತಿಳಿಯಬೇಕೆಂದರೆ ಪುಟಕ್ಕೆ ಹಾಕಬೇಕು. ಆದರೆ ಪುಟಕ್ಕೆ ಹಾಕಿದರೆ ನಾಣ್ಯವೇ ಉಳಿಯುವುದಿಲ್ಲ. ಹಾಗಾಗಿ ಕೊನೆಗೆ ಎಲ್ಲರೂ ನಂಬಬೇಕಾದದ್ದು ಒರೆಗಲ್ಲು ಹಿಡಿದವನ ಕಣ್ಣನ್ನು.

ಚಿನಿವಾರನ ವಟ್ಟ

ಆ ಕಣ್ಣು ಚಿನಿವಾರನದು. ಪತ್ರಿಕೆಗಳಲ್ಲಿ "ಚಿನಿವಾರ ಪೇಟೆ" ಎಂಬ ತಲೆಬರಹದಡಿ ಚಿನ್ನ ಬೆಳ್ಳಿ ಧಾರಣೆ ಬರುವುದನ್ನು ನೋಡಿದ್ದೀರಲ್ಲ, ಅದೇ ಪದ. ಶರಾಫ ಅಂದರೂ ಅವನೇ. ಒಂದು ನಾಣ್ಯ ತೆಗೆದುಕೊಂಡು ಇನ್ನೊಂದು ಕೊಡುವಾಗ ಅವನು ಮುರಿದುಕೊಳ್ಳುವ ಮೊತ್ತಕ್ಕೆ ವಟ್ಟ ಎನ್ನುತ್ತಿದ್ದರು, ಬಟ್ಟಾ ಅಂತಲೂ ಅನ್ನುವುದುಂಟು. ಸವೆದಿದ್ದರೆ ವಟ್ಟ, ತೂತಿದ್ದರೆ ವಟ್ಟ, ಬೇರೆ ಸೀಮೆಯದಾದರೆ ವಟ್ಟ.

ಇದು ಬರೀ ವ್ಯಾಪಾರಿಗಳ ಆಟವಲ್ಲ, ರಾಜ್ಯವೂ ಇದರಲ್ಲಿತ್ತು. ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸಲು ರೂಪದರ್ಶಕ ಎಂಬ ಅಧಿಕಾರಿಯೇ ಇದ್ದಾನೆ. ನೂರಕ್ಕೆ ಎಂಟು ಒಂದು ಬಾಬ್ತು, ನೂರಕ್ಕೆ ಐದು ಇನ್ನೊಂದು, ಪರೀಕ್ಷೆಯ ಶುಲ್ಕವಾಗಿ ನೂರಕ್ಕೆ ಎಂಟನೇ ಒಂದು ಭಾಗ ಮತ್ತೊಂದು ಎಂದು ಪಟ್ಟಿ ಇದೆ. ಈಗಿನ ಪ್ರೊಸೆಸಿಂಗ್ ಫೀ, ಸರ್ವಿಸ್ ಚಾರ್ಜುಗಳ ಮುತ್ತಜ್ಜ :-) ಅಕ್ಬರನ ಆಡಳಿತ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಮೊಹರು ಮೂರು ಅಕ್ಕಿಕಾಳಿನಷ್ಟು ಸವೆದಿದ್ದರೂ ಪೂರ್ಣ ಬೆಲೆಗೆ ತೆಗೆದುಕೊಳ್ಳಬೇಕು, ಅದಕ್ಕಿಂತ ಹೆಚ್ಚು ಸವೆದರೆ ಮಾತ್ರ ಹಂತ ಹಂತವಾಗಿ ಕಡಿತ ಎಂದು ನಿಯಮ ಮಾಡಿತು. ಎಷ್ಟರ ವರೆಗೆ ಅನುಮಾನ ಪಡಬಾರದು ಎಂದು ಬರೆದಿಟ್ಟ ನಿಯಮ ಅದು.

ಈಗ ನಮ್ಮ ಸೀಮೆಗೆ ಬರೋಣ. ಹದಿನೆಂಟನೇ ಶತಮಾನದಲ್ಲಿ ಬುಕ್ಕಾಂಬುಧಿಯ ಸುತ್ತಿನ ನೆಲ ಯಾವ ನಾಣ್ಯಗಳ ನಡುವೆ ಇತ್ತು ನೋಡಿ. ಪಶ್ಚಿಮಕ್ಕೆ ಕೆಳದಿಯ ನಾಯಕರು, ಅವರದು ಶಿವ ಪಾರ್ವತಿಯರ ಇಕ್ಕೇರಿ ವರಹ. ಈಶಾನ್ಯಕ್ಕೆ ಚಿತ್ರದುರ್ಗ, ಅವರದು ದುರ್ಗಿ ವರಹ. ದಕ್ಷಿಣಕ್ಕೆ ಮೈಸೂರು. ಅಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಿಂದ (1638ರಿಂದ 1659) ಬಂದ ಕಂಠೀರಾಯಿ ಹಣ. ಅದರ ಮೇಲೆ ನರಸಿಂಹ, ತೂಕ ಗ್ರಾಮಿನ ಮೂರನೇ ಒಂದು ಭಾಗದ ಆಸುಪಾಸು, ಗಾತ್ರ ಅವರೆಕಾಳಿಗಿಂತ ಚಿಕ್ಕದು. ಕೆಳದಿ 1763ರಲ್ಲಿ ಹೈದರನ ಕೈಗೆ ಹೋಯಿತು, ಚಿತ್ರದುರ್ಗ 1779ರಲ್ಲಿ. ಗೆದ್ದ ಮೇಲೂ ಹೈದರ್ ಇಕ್ಕೇರಿ ವರಹದ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ, ಅಷ್ಟೆ. ಅದೇ ಬಹಾದುರಿ ವರಹ. ಜನ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದ ಚಿತ್ರ ಅದು. ಚಿತ್ರ ಬದಲಾಯಿಸಿದರೆ ಚಿನಿವಾರನಿಗೆ ವಟ್ಟ ಹೇರಲು ಹೊಸ ನೆಪ ಕೊಟ್ಟಂತೆ ಎಂಬುದು ಹೈದರನಿಗೆ ತಿಳಿದಿತ್ತು ಅಂತ ನನ್ನ ಊಹೆ.

ಕಂದಾಯ ಕಟ್ಟುವ ರೈತನ ಕಡೆಯಿಂದ ಇದನ್ನು ಯೋಚಿಸಿ. ಅವನ ಹತ್ತಿರ ಇರುವುದು ಸಂತೆಯಲ್ಲಿ ಎತ್ತು ಮಾರಿ ಬಂದ ನಾಲ್ಕಾರು ಬಗೆಯ ನಾಣ್ಯ. ಒಂದು ಸವೆದದ್ದು, ಒಂದು ಕೆಂಪು ತಿರುಗಿದ್ದು, ಇನ್ನೊಂದಕ್ಕೆ ಹಿಂದಿನ ಚಿನಿವಾರನ ಮುದ್ರೆ ಬಿದ್ದದ್ದು. ಲೆಕ್ಕ ಬರೆಯುವುದು ಮಾತ್ರ ಕಂಠೀರಾಯಿ ವರಹದಲ್ಲಿ. ತಮಾಷೆ ಏನೆಂದರೆ ಕಂಠೀರಾಯಿ ವರಹ ಎಂಬ ನಾಣ್ಯ ಕೈಯಲ್ಲಿ ಓಡಾಡುತ್ತಿರಲಿಲ್ಲ. ಹತ್ತು ಕಂಠೀರಾಯಿ ಹಣಕ್ಕೆ ಲೆಕ್ಕದ ಪುಸ್ತಕದಲ್ಲಿ ಇಟ್ಟ ಹೆಸರು ಅದು. ಕಣ್ಣಿಗೆ ಕಾಣದ ನಾಣ್ಯದಲ್ಲಿ ಬಾಕಿ, ಕೈಯಲ್ಲಿರುವುದು ಮಚ್ಚೆಯ ನಾಣ್ಯ. ನಡುವಿನ ಅಂತರವನ್ನು ತುಂಬುವವನು ಚಿನಿವಾರ. ಎತ್ತು ಸಾಕಲು ರೈತನಿಗೆ ಗೊತ್ತು, ಬಣ್ಣ ನೋಡಲು ಗೊತ್ತಿಲ್ಲ. "ಇದು ಎರಡು ಬಣ್ಣ ಕಮ್ಮಿ" ಅಂದರೆ ಅವನು ಏನಂತ ವಾದಿಸಿಯಾನು?

ದೊಡ್ಡವರಿಗೂ ಇದೇ ಗತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷ್ ಕಂಪನಿ ಮಾಡಿಕೊಂಡ ಒಪ್ಪಂದದಲ್ಲಿ ಸೀಮೆಗಳ ಹುಟ್ಟುವಳಿಯ ಪಟ್ಟಿ ಇರುವುದು ಕಂಠೀರಾಯಿ ವರಹದಲ್ಲಿ. ಆದರೆ ಮೈಸೂರು ಪ್ರತಿ ವರ್ಷ ಕಂಪನಿಗೆ ಕೊಡಬೇಕಾದ ಕಪ್ಪ ಏಳು ಲಕ್ಷ ಸ್ಟಾರ್ ಪಗೋಡ. ಇದು ಮದರಾಸಿನ ನಕ್ಷತ್ರ ಮುದ್ರೆಯ ವರಹ. ತೂಕ 52.56 ಗ್ರೇನ್, ಅದರಲ್ಲಿ ಅಪ್ಪಟ ಚಿನ್ನ 42.048 ಗ್ರೇನ್, ಅಂದರೆ ಸರಿಯಾಗಿ ನೂರಕ್ಕೆ ಎಂಬತ್ತು. ಏಳು ಲಕ್ಷ ನಾಣ್ಯ ಎಂದರೆ ಲೆಕ್ಕಕ್ಕೆ ಸುಮಾರು 2,384 ಕೆ.ಜಿ. ತೂಕ, ಅದರೊಳಗೆ 1,907 ಕೆ.ಜಿ. ಅಪ್ಪಟ ಚಿನ್ನ. ಇಷ್ಟು ದೊಡ್ಡ ಮೊತ್ತದಲ್ಲಿ ನೂರಕ್ಕೆ ಅರ್ಧ ವಟ್ಟ ಬಿದ್ದರೂ 3,500 ವರಹ ಹೋಯಿತು. ಅರ್ಧ ಎಂಬುದು ಕೇಳಲು ಎಷ್ಟು ಸಣ್ಣದು! ಆ 3,500 ಬರಬೇಕಾದದ್ದು ಕೊನೆಗೆ ನಮ್ಮ ಬುಕ್ಕಾಂಬುಧಿಯಂಥ ಊರುಗಳ ರೈತರಿಂದಲೇ ತಾನೆ?

1830-31ರ ನಗರ ದಂಗೆಯಲ್ಲಿ ನಮ್ಮ ತರೀಕೆರೆಯ ಪಾಳೆಯಗಾರರೂ ಎದ್ದರು. ಕಂದಾಯ ವಸೂಲಿಯ ಗುತ್ತಿಗೆ ಪದ್ಧತಿ, ಅಧಿಕಾರಿಗಳ ಕಿರುಕುಳ ಆ ದಂಗೆಯ ದೊಡ್ಡ ಕಾರಣಗಳು. ಅದರ ಬೆನ್ನಿಗೆ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಕಟ್ಟಬೇಕಾದದ್ದು ಎಷ್ಟು ಎಂಬುದರ ಜೊತೆಗೆ ಕಟ್ಟಿದ್ದನ್ನು ಎಷ್ಟೆಂದು ಒಪ್ಪುತ್ತಾರೆ ಎಂಬುದೂ ರೈತನಿಗೆ ಬದುಕು ಸಾವಿನ ಪ್ರಶ್ನೆ. ಮದರಾಸಿನಲ್ಲಿ 1818ರಲ್ಲೇ ಕಂಪನಿ ವರಹಕ್ಕೆ ಮೂರೂವರೆ ರೂಪಾಯಿಯ ದರ ಕಟ್ಟಿ ಬೆಳ್ಳಿ ರೂಪಾಯಿಯನ್ನು ಮುಂದೆ ಮಾಡಿತ್ತು. ನಿಧಾನವಾಗಿ ವರಹ, ಹಣಗಳು ಪೇಟೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕೊರಳಿಗೆ ಬಂದವು.

ಸವರನ್ನು ಬಂತು

ಇಪ್ಪತ್ತನೇ ಶತಮಾನದಲ್ಲಿ ನಮ್ಮ ಮನೆಗಳಿಗೆ ಬಂದ ಚಿನ್ನದ ನಾಣ್ಯ ಎಂದರೆ ಬ್ರಿಟಿಷ್ ಸವರನ್. ಚಿನ್ನವನ್ನು ಸವರನ್ ಲೆಕ್ಕದಲ್ಲಿ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ತೂಕ 7.98 ಗ್ರಾಂ, 22 ಕ್ಯಾರಟ್. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮುಂಬೈ ಟಂಕಸಾಲೆಯಲ್ಲೇ ಸುಮಾರು 13 ಲಕ್ಷ ಸವರನ್ ಟಂಕಿಸಿದರು. ಕುದುರೆಯ ಮೇಲಿನ ವೀರನ ಕೆಳಗೆ, ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಸಣ್ಣದಾಗಿ 'ಐ' ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಅದು ಮುಂಬೈಯದು. ಮನೆಯಲ್ಲಿ 1918ರ ಸವರನ್ ಇದ್ದರೆ ಭೂತಗನ್ನಡಿ ಹಿಡಿದು ನೋಡಿ.

ಸವರನ್ನಿನ ಕಾನೂನು ನನಗೆ ಬಹಳ ಇಷ್ಟ. ಬ್ರಿಟನ್ನಿನ 1870ರ ನಾಣ್ಯ ಕಾಯ್ದೆಯ ಪ್ರಕಾರ ಹೊಸ ಸವರನ್ನಿನ ತೂಕ 123.27 ಗ್ರೇನ್, ಸವೆದು 122.5 ಗ್ರೇನ್ ಆಗುವ ತನಕ ಅದು ಪೂರ್ಣ ಬೆಲೆಯ ನಾಣ್ಯ. ಅಂದರೆ ಗ್ರಾಮಿನ ಇಪ್ಪತ್ತನೇ ಒಂದು ಭಾಗದಷ್ಟು ಸವೆತಕ್ಕೆ ರಿಯಾಯಿತಿ. ಅಕ್ಬರನ ಮೂರು ಅಕ್ಕಿಕಾಳು ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿದೆ. ಅಳತೆ ತಕ್ಕಡಿಯದು, ಕಣ್ಣಿನದಲ್ಲ. ಸವರನ್ನಿನಲ್ಲಿ ತಾಮ್ರ ಇರುವುದರಿಂದ ಕೆಂಪು ಚುಕ್ಕೆ ಬಹಳ ಸಾಮಾನ್ಯ. ಚುಕ್ಕೆ ಬಿತ್ತು ಅಂತ ಅದರ ಬೆಲೆ ಇಳಿಯುತ್ತಿರಲಿಲ್ಲ.

ನಮ್ಮ ದೊಡ್ಡಮ್ಮನ ಹತ್ತಿರ ಸವರನ್ನುಗಳ ಕಾಸಿನ ಸರ ಇದೆ, ಜಾರ್ಜ್ ದೊರೆಯ ತಲೆಯದು. ಕೆಲವು ವರ್ಷಗಳ ಹಿಂದೆ ಅದನ್ನು ಕೊಟ್ಟು ಬೇರೆ ಒಡವೆ ಮಾಡಿಸೋಣ ಅಂತ ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದರು, ಜೊತೆಗೆ ನಾನೂ ಇದ್ದೆ. ಅಂಗಡಿಯವರು ಸರವನ್ನು ದೀಪದ ಕೆಳಗೆ ತಿರುಗಿಸಿ ನೋಡಿ, "ಅಮ್ಮಾ, ಚುಕ್ಕೆ ಬಂದುಬಿಟ್ಟಿದೆ, ಹಳೇ ಚಿನ್ನ, ನೂರಕ್ಕೆ ಎಂಟು ಬಿಡಬೇಕಾಗುತ್ತೆ" ಅಂದರು. ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದು, "ಚುಕ್ಕೆ ನಿಮ್ಮ ಅಂಗಡಿಗೆ ಬರೋಕ್ ಮುಂಚೆ ಇರಲಿಲ್ವಾ ಅಪ್ಪಾ? ನಮ್ಮತ್ತೆ ಕೊಟ್ಟಾಗಲೂ ಇತ್ತು" ಅಂದರು. ಯಂತ್ರಕ್ಕೆ ಇಟ್ಟು ನೋಡಿ ಎಂದು ಕೇಳಿದೆವು. ನಾಣ್ಯದ ನಡುವೆ ಇಟ್ಟಾಗ 22 ಕ್ಯಾರಟ್ ಚೆನ್ನಾಗಿಯೇ ತೋರಿಸಿತು. ಬೆಸುಗೆ ಹಾಕಿದ ಕೊಂಡಿಯ ಹತ್ತಿರ ಮಾತ್ರ ಕಮ್ಮಿ ಬಂತು. ಬೆಸುಗೆ ಬೇಗ ಕರಗಲೆಂದು ಅದರಲ್ಲಿ ಬೇರೆ ಲೋಹ ಹೆಚ್ಚಿರುತ್ತದೆ, ಸುತ್ತ ಕಪ್ಪಾಗುವುದೂ ಅದಕ್ಕೇ. ಬೆಸುಗೆಗೆ ಒಂದಿಷ್ಟು ಕಳೆಯಲಿ, ಅದು ನ್ಯಾಯ. ಚುಕ್ಕೆಗೆ ನೂರಕ್ಕೆ ಎಂಟು? ಎರಡು ಪೈಸೆಯ ಮಾಲಿಗೆ ಲಕ್ಷಕ್ಕೆ ಎಂಟು ಸಾವಿರ! ದೊಡ್ಡಮ್ಮ ಸರವನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

ಚಿನಿವಾರರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಕೆಲಸ ಬಲ್ಲ ಅಕ್ಕಸಾಲಿಗನ ಕಣ್ಣು ಒಂದು ಉಪಕರಣಕ್ಕೆ ಸಮ. ತೊಂದರೆ ಇರುವುದು ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ ಎಂಬಲ್ಲಿ. ಆ ವ್ಯತ್ಯಾಸಕ್ಕೇ ದುಡ್ಡು ಹುಟ್ಟುತ್ತದೆ. ಚಿನ್ನಾಭರಣಕ್ಕೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯ ಮಾಡಿದ್ದು, ಒಂದೊಂದು ಒಡವೆಗೂ ಪ್ರತ್ಯೇಕ ನಂಬರ್ ಕೊಟ್ಟಿದ್ದು ಈ ಅಂತರ ಕಡಿಮೆ ಮಾಡುವುದಕ್ಕೇ. ಒಂದು ಎಚ್ಚರಿಕೆ: ಅಂಗಡಿಗಳಲ್ಲಿರುವ ಎಕ್ಸ್-ರೇ ಯಂತ್ರ ನೋಡುವುದು ಮೇಲಿನ ಕೆಲವೇ ಮೈಕ್ರಾನು. ಮೇಲ್ಮೈ ಮಾತ್ರ ಅಪ್ಪಟವಾಗಿರುವ ನಾಣ್ಯಕ್ಕೆ ಒರೆಗಲ್ಲು ಹೇಗೆ ಮೋಸಹೋಗುತ್ತದೋ ಯಂತ್ರವೂ ಹಾಗೇ ಮೋಸಹೋಗಬಹುದು.

ಮಚ್ಚೆ ಯಾರಿಗೆ ಎಷ್ಟು?

ಇವತ್ತಿನ ಲೆಕ್ಕದಲ್ಲಿ ಚಿನ್ನದ ನಾಣ್ಯಕ್ಕೆ ಎರಡು ಬೆಲೆ. ಒಂದು ಕರಗಿಸುವವನ ಬೆಲೆ: ತೂಕ ಗುಣಿಸು ಶುದ್ಧತೆ. ಇಲ್ಲಿ ಮಚ್ಚೆಗೆ ಬೆಲೆ ಸೊನ್ನೆ. ಮೂಸೆಯಲ್ಲಿ ಅದು ಸುಟ್ಟು ಹೋಗುತ್ತದೆ. ಪಾದರಸ ತಾಗಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ಕಾಯಿಸಿದಾಗ ಬರುವ ಆವಿ ವಿಷ.

ಇನ್ನೊಂದು ಸಂಗ್ರಾಹಕನ ಬೆಲೆ. ಇಲ್ಲಿ ಮಚ್ಚೆಗೆ ಬೆಲೆ ಇದೆ, ಆದರೆ ನಾವಂದುಕೊಂಡ ಹಾಗಲ್ಲ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ನಾಣ್ಯಗಳ ಸ್ಥಿತಿಗೆ 1ರಿಂದ 70ರ ವರೆಗೆ ಅಂಕ ಕೊಡುವ ಪದ್ಧತಿ ತಂದ. ಇಂದಿನ ಗ್ರೇಡಿಂಗ್ ಸಂಸ್ಥೆಗಳು ಅದನ್ನೇ ಬಳಸುತ್ತವೆ. ಈಚಿನ ಫಳಫಳ ನಾಣ್ಯದ ಮೇಲೆ, ಅದೂ ಮುಖದ ಮೇಲೇ ಕೆಂಪು ಚುಕ್ಕೆ ಬಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ. ಹಳೆಯ ವರಹದ ಮೇಲೆ ಸಂದಿಗೊಂದಿಯಲ್ಲಿ ಕೆಮ್ಮಣ್ಣಿನ ಬಣ್ಣ ಉಳಿದಿದ್ದರೆ ಅದನ್ನು ದೋಷ ಎಂದು ಎಣಿಸುವವರು ಕಮ್ಮಿ, ಮೆಚ್ಚುವವರೂ ಇದ್ದಾರೆ. ಯಾರೂ ಕ್ಷಮಿಸದ ತಪ್ಪು ಒಂದೇ: ಉಜ್ಜಿ ತೊಳೆದ ನಾಣ್ಯ. ಅಂಥದ್ದಕ್ಕೆ ಗ್ರೇಡಿಂಗ್‌ನವರು ಅಂಕವನ್ನೇ ಕೊಡದೆ "ತೊಳೆದದ್ದು" ಎಂದು ಬರೆದು ಕಳಿಸುತ್ತಾರೆ. ಬೆಸುಗೆ, ತೂತು ಇದ್ದರೂ ಹಾಗೇ.

ನಮ್ಮ ಮನೆಗಳಲ್ಲಿ ಆಗುವುದು ಅದೇ. ದೀಪಾವಳಿಯ ಲಕ್ಷ್ಮೀಪೂಜೆಗೆ ನಾಣ್ಯ ಹೊರಗೆ ಬರುತ್ತದೆ, ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತೇವೆ. ಹುಣಸೆಹಣ್ಣಿನ ಹುಳಿಯಿಂದ ಚಿನ್ನಕ್ಕೆ ಏನೂ ಆಗುವುದಿಲ್ಲ. ತಿಕ್ಕುವುದರಿಂದ ಆಗುತ್ತದೆ. ಬೂದಿಯಲ್ಲಿರುವ ಒಂದು ಮರಳ ಕಣ ಚಿನ್ನಕ್ಕಿಂತ ಎಷ್ಟೋ ಗಟ್ಟಿ. ಮಚ್ಚೆ ತೆಗೆಯಲು ಹೋಗಿ ಹನುಮನ ಮೂಗು, ಶಿವ ಪಾರ್ವತಿಯರ ಕಣ್ಣು, "ಶ್ರೀ ಸದಾಶಿವ" ಎಂಬ ಅಕ್ಷರ ಎಲ್ಲ ಅಳಿಸಿ ಹಾಕುತ್ತೇವೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಡಿಸ್ಕ್ ಕ್ಲೀನ್ ಮಾಡಲು ಹೋಗಿ ಡೇಟಾ ಅಳಿಸಿದ ಹಾಗೆ. ಪ್ರೊಫೆಸರ್ ಎ. ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳ ಚರಿತ್ರೆ ಬರೆಯಲು ಸಾಧ್ಯವಾದದ್ದು ಆ ಅಕ್ಷರಗಳು ಉಳಿದಿದ್ದರಿಂದ.

ಹಾಗಾಗಿ ನನ್ನ ಕಡೆಯಿಂದ ನಾಲ್ಕು ಮಾತು. ಹಳೆ ನಾಣ್ಯವನ್ನು ತಿಕ್ಕಬೇಡಿ. ಪೂಜೆಗೆ ಇಡುವುದಾದರೆ ತಟ್ಟೆಯಲ್ಲಿ ಬಟ್ಟೆ ಹಾಸಿ ಇಡಿ, ಅರಿಶಿನ ಕುಂಕುಮ ಪಕ್ಕಕ್ಕೆ ಹಚ್ಚಿದರೂ ಲಕ್ಷ್ಮಿ ಬೇಸರ ಮಾಡಿಕೊಳ್ಳುವುದಿಲ್ಲ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಅದು ಕಾಲಕ್ರಮೇಣ ಅಂಟಂಟಾಗಿ ನಾಣ್ಯಕ್ಕೆ ಹತ್ತಿಕೊಳ್ಳುತ್ತದೆ. ಮಾರಲು ಹೋದರೆ ಮೊದಲು ತೂಕ, ಆಮೇಲೆ ಶುದ್ಧತೆ ಕೇಳಿ, "ಕಲೆ ಇದೆ" ಎಂದವರಿಗೆ "ಕಲೆಯ ತೂಕ ಎಷ್ಟು?" ಎಂದು ಕೇಳಿ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಕಳಿಸುವುದಕ್ಕೂ 1972ರ ಪ್ರಾಚ್ಯವಸ್ತು ಕಾಯ್ದೆಯ ತಡೆ ಇದೆ.

ಬುಕ್ಕರಾಯನ ಕಮ್ಮಟದವರು ಹನುಮನನ್ನು ಒತ್ತಿದ್ದು "ಇದನ್ನು ನಂಬಿ, ಪ್ರತಿ ಸಲ ಒರೆ ಹಚ್ಚಬೇಡಿ" ಎಂದು ಜನರಿಗೆ ಹೇಳುವುದಕ್ಕೆ. ನಾಣ್ಯಕ್ಕೆ ಮುದ್ರೆ ಬೇಕಾದದ್ದೇ ಅದಕ್ಕೆ, ಇಲ್ಲದಿದ್ದರೆ ಚಿನ್ನದ ತುಂಡು ಸಾಕಿತ್ತಲ್ಲ. ಆರುನೂರು ವರ್ಷ ಕಳೆದ ಮೇಲೂ ಒಂದು ಚುಕ್ಕೆ ಕಂಡ ಕೂಡಲೇ ಆ ಮಾತನ್ನು ಮರೆತು, ಎದುರಿಗಿರುವವರು ಹೇಳಿದ ರೇಟಿಗೆ ತಲೆ ಆಡಿಸುತ್ತೇವೆ.

ನಿಮ್ಮ ಮನೆಯಲ್ಲಿ ಹಳೆಯ ಹಣ, ವರಹ, ಕಾಸಿನ ಸರಗಳ ಕಥೆ ಇದ್ದರೆ ತಿಳಿಸಿ. ಮುಂದಿನ ಸಲ ಹಾಗ, ವೀಸ, ಗುಲಗಂಜಿ ತೂಕಗಳ ಬಗ್ಗೆ ಬರೆಯುವ ಯೋಚನೆ ಇದೆ. ಆಫೀಸಿನ ಕೆಲಸ ಬಿಟ್ಟರೆ!